ತಿರುಗುವ ಕಹಳೆ, ತಿದಿಯ ಪೆಟ್ಟಿಗೆ

ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸೆಸಿಲಿಯಾಳ ಹಬ್ಬ. ಚಿತ್ರಗಳಲ್ಲಿ ಆಕೆಯ ಬಳಿ ಆರ್ಗನ್ ಇರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಕಡೆ ಭಜನೆಯೆಂದರೆ ಹಾರ್ಮೋನಿಯಂ, ತಬಲಾ, ತಾಳ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ನೆಲವಿದು. ಆರ್ಗನ್ ಇಲ್ಲದ ನಮ್ಮ ಬಲಿಪೂಜೆಗೆ ಕಳೆ ಕಡಿಮೆಯೆಂದು ಕೊರಗುವವರೂ ನಮ್ಮಲ್ಲಿದ್ದಾರೆ. ಅವರಿಗಾಗಿ ಈ ಚರಿತ್ರೆ.

1935ರಲ್ಲಿ ಅಮೆರಿಕದ ಲಾರೆನ್ಸ್ ಹ್ಯಾಮಂಡ್ ಕೊಳವೆಗಳಿಲ್ಲದ ವಿದ್ಯುತ್ ಆರ್ಗನ್ ತಂದರು. ಬೆಲೆ ಕಡಿಮೆಯೆಂದು ಚರ್ಚುಗಳು ಕೊಂಡವು. ಕೊಳವೆ ಆರ್ಗನ್ನಿನ ನಾದ ಹತ್ತಾರು ಕಡೆಯಿಂದ ಹೊಮ್ಮುತ್ತದೆ. ಇಲ್ಲಿ ಒಂದೇ ಪೆಟ್ಟಿಗೆಯಿಂದ. ಈ ಕೊರತೆ ನೀಗಲು 1940ರ ದಶಕದ ಆರಂಭದಲ್ಲಿ ಡೊನಾಲ್ಡ್ ಲೆಸ್ಲಿ ಎಂಬವರು ಸ್ಪೀಕರಿಗೆ ತಿರುಗುವ ಕಹಳೆ ಕೂಡಿಸಿದರು. ಕೆಳಗೆ ಮಂದ್ರ ಸ್ವರಕ್ಕೊಂದು ತಿರುಗುವ ಡೋಲು. ರೈಲಿನ ಸೀಟಿ ಹತ್ತಿರ ಬರುವಾಗ ಏರಿ, ದೂರ ಸರಿಯುವಾಗ ಇಳಿಯುತ್ತದಲ್ಲ, ಹಾಗೆ ಸ್ವರ ತೂಗುತ್ತದೆ. ಕಹಳೆಗೆ ಎರಡು ಬಾಯಿ. ಒಂದು ಬರೀ ತೂಕಕ್ಕೆ! ಹ್ಯಾಮಂಡರಿಗೆ ಇದು ಹಿಡಿಸಲೇ ಇಲ್ಲ. ಜೋಡಿಸುವುದೂ ಸುಲಭವಲ್ಲ: 122, 147 ಮಾದರಿಗಳೆರಡಕ್ಕೂ ಆರು ಕಡ್ಡಿಯ ಪ್ಲಗ್ಗೇ, ಒಳಗಿನ ತಂತಿ ಬೇರೆ. ಅದಲುಬದಲಾದರೆ ಯಂತ್ರ ಕೆಟ್ಟೀತು.

1958ರಲ್ಲಿ ರೋಮ್ ವಿದ್ಯುತ್ ಆರ್ಗನ್ನನ್ನು ತಾತ್ಕಾಲಿಕವಾಗಿ ಮಾತ್ರ ಸಹಿಸಿತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕೊಳವೆ ಆರ್ಗನ್ನಿಗೆ ಗೌರವ ಉಳಿಸಿ, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಹಾರ್ಮೋನಿಯಂ ತಾನೂ ಪರದೇಶಿಯೇ: 1842ರಲ್ಲಿ ಪ್ಯಾರಿಸಿನ ದೆಬೆನ್ ಹಕ್ಕುಪತ್ರ ಪಡೆದರು, ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕುಳಿತು ನುಡಿಸುವಂತೆ ಮಾಡಿದರು. ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.