ಇಂಧನದ ಮಿತವ್ಯಯ: ಒಂದು ಹಳೆಯ ವಿದ್ಯೆ

ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದ ಮೇಲಿರುವ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ಸುಮಾರು ಅರ್ಧ ಶತಮಾನಕಾಲ ನಡೆದು 1980ರಲ್ಲಿ ಬಾಗಿಲು ಮುಚ್ಚಿದ ಎಂ.ಜಿ. ಕಾರ್ಖಾನೆಯು ಲೋಕಕ್ಕಿತ್ತ ಸ್ಪೋರ್ಟ್ಸ್ ಕಾರುಗಳಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ಮಾರಾಟವಾದದ್ದು 1962ರಲ್ಲಿ ಹೊರಬಂದ ಎಂ.ಜಿ.ಬಿ. ಐದು ಲಕ್ಷಕ್ಕೂ ಮಿಕ್ಕು ತಯಾರಾದ ಈ ಕಾರುಗಳ ಬಹುಪಾಲಿನಲ್ಲಿ, 1798 ಸಿ.ಸಿ. ಇಂಜಿನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಉಣಿಸುತ್ತಿದ್ದುವು ಎಸ್.ಯು. ಜಾತಿಯ ಎರಡು ಕಾರ್ಬುರೇಟರುಗಳು. ಸುಸ್ಥಿತಿಯಲ್ಲಿದ್ದಾಗ ಗ್ಯಾಲನ್ನಿಗೆ 25 ಮೈಲಿಯ ಆಸುಪಾಸು ಓಡುತ್ತಿದ್ದ ಕಾರು, ಹಳತಾದ ಮೇಲೆ 18ಕ್ಕೋ 16ಕ್ಕೋ ಇಳಿಯಿತೆಂದರೆ, ಅದರ ಕಾರಣವನ್ನು ಶೋಧಿಸುವುದಕ್ಕೆ ಒಂದು ವಿದ್ಯೆಯೇ ಬೆಳೆದುನಿಂತಿತು. ಆ ವಿದ್ಯೆಯ ಜೀವಾಳವಿದ್ದುದು ಪರೀಕ್ಷೆಯ ಕ್ರಮದಲ್ಲಿ.

ಎಸ್.ಯು. ಕಾರ್ಬುರೇಟರಿನ ಜನಕರು ಪಾದರಕ್ಷೆಗಳ ವ್ಯಾಪಾರದ ಮನೆತನಕ್ಕೆ ಸೇರಿದ ಸ್ಕಿನ್ನರ್ ಸಹೋದರರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವರು ನಿರ್ಮಿಸಿದ ಮೊದಲ ಮಾದರಿಯಲ್ಲಿ ತೊಗಲಿನ ತಿದಿಯೊಂದಿತ್ತೆಂಬುದು ಆ ಕುಲವೃತ್ತಿಗೆ ತಕ್ಕದ್ದೇ ಆಗಿದೆ. 1910ರಲ್ಲಿ ಕಂಪೆನಿಯಾಗಿ ರೂಪುಗೊಂಡ ಈ ಉದ್ಯಮವನ್ನು 1926ರಲ್ಲಿ ಕಾರು ತಯಾರಕ ವಿಲಿಯಂ ಮಾರಿಸ್ ಕೊಂಡುಕೊಂಡನು. ಈ ಕಾರ್ಬುರೇಟರಿನ ತತ್ತ್ವ ಸರಳವೂ ಸುಂದರವೂ ಆದುದು: ಇಂಜಿನು ಎಳೆದುಕೊಳ್ಳುವ ಗಾಳಿಯ ಪ್ರಮಾಣಕ್ಕೆ ಅನುಸಾರವಾಗಿ ಒಂದು ಪಿಸ್ಟನ್ನು ಮೇಲೇಳುತ್ತದೆ, ಅದರ ಬುಡಕ್ಕೆ ಕಚ್ಚಿರುವ ಮೊನಚಾದ ಸೂಜಿಯು ಹಿತ್ತಾಳೆಯ ಜೆಟ್ಟಿನಿಂದ ಅಷ್ಟಷ್ಟೇ ಮೇಲಕ್ಕೆ ಬಂದು, ಪೆಟ್ರೋಲಿಗೆ ಬೇಕಾದಷ್ಟು ದಾರಿಯನ್ನು ಬಿಟ್ಟುಕೊಡುತ್ತದೆ. ಆದರೆ ವರ್ಷಗಟ್ಟಲೆ ಏರಿಳಿಯುವ ಆ ಸೂಜಿ ಜೆಟ್ಟಿನ ಅಂಚನ್ನು ಉಜ್ಜುತ್ತ ಬಂದರೆ, ದುಂಡಗಿದ್ದ ರಂಧ್ರ ಅಂಡಾಕಾರವಾಗಿ, ಬೇಡದ ಪೆಟ್ರೋಲು ಸದ್ದಿಲ್ಲದೆ ಒಳಸೇರತೊಡಗುತ್ತದೆ.

ಹೀಗೆ ಸೋರಿಹೋಗುವುದರ ಬೆಲೆಯನ್ನು ಆ ದೇಶದ ಜನಕ್ಕೆ ಕಲಿಸಿದುದು ಅಭಾವ. 1939ರಲ್ಲಿ ಯುದ್ಧದೊಡನೆ ಬಂದ ಪೆಟ್ರೋಲಿನ ಪಡಿತರ, ಯುದ್ಧ ಮುಗಿದು ಐದು ವರ್ಷಗಳಾದರೂ ತೊಲಗದೆ 1950ರ ಮೇ ತಿಂಗಳವರೆಗೆ ನಿಂತಿತು. ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದಾಗಿ 1956ರ ಡಿಸೆಂಬರಿನಲ್ಲಿ ಮರಳಿ ಬಂದು ಮುಂದಿನ ಮೇ ತಿಂಗಳವರೆಗೆ ಇದ್ದಿತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಕೂಪನ್ನುಗಳು ಜನರ ಕೈಸೇರಿದುವಾದರೂ ಅವನ್ನು ಬಳಸುವ ಪ್ರಸಂಗ ಒದಗಲಿಲ್ಲ. ಇಂಥ ಕಾಲದಲ್ಲಿ, ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಓಡಿದ ಮೈಲಿಗಳನ್ನು ಬರೆದಿಟ್ಟು, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ಭಾಗಿಸಿ ನೋಡುವ ಲೆಕ್ಕವು ವಾಹನ ಚಾಲಕರ ನಿತ್ಯಾಭ್ಯಾಸವಾಯಿತು.

ಮನೆಯ ಖರ್ಚು ಮಿತಿಮೀರಿದಾಗ ಮೊದಲು ಅಡುಗೆಯವನನ್ನು ಗದರಿಸುವ ಯಜಮಾನನ ಹಾಗೆ, ಅನುಭವವಿಲ್ಲದವನು ಮೈಲೇಜು ಇಳಿದ ಕೂಡಲೇ ಕಾರ್ಬುರೇಟರಿನ ಮೇಲೆ ಕೈಹಾಕುತ್ತಾನೆ. ಬಲ್ಲ ಮೆಕ್ಯಾನಿಕನು ಅದನ್ನು ಮುಟ್ಟುವುದು ಎಲ್ಲಕ್ಕಿಂತ ಕಡೆಗೆ. ಟೈರುಗಳಲ್ಲಿ ಗಾಳಿ ಸರಿಯಾಗಿದೆಯೇ, ಬ್ರೇಕು ಹಿಡಿದುಕೊಂಡು ಚಕ್ರವು ಬಿಗಿಯಾಗಿ ತಿರುಗುತ್ತಿದೆಯೇ, ಥರ್ಮೋಸ್ಟ್ಯಾಟು ತೆರೆದೇ ನಿಂತು ಇಂಜಿನು ಬಿಸಿಯೇರದಿದೆಯೇ ಎಂಬುದನ್ನು ಅವನು ಮೊದಲು ನೋಡುವನು. ತರುವಾಯ ವಾಲ್ವುಗಳ ಸಂದು, ಆಮೇಲೆ ಕಿಡಿಯ ವ್ಯವಸ್ಥೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಹಿಮ್ಮಡಿ ಸವೆದಂತೆಲ್ಲ ಅವುಗಳ ನಡುವಣ ಅಂತರ ಕುಗ್ಗಿ, ಕಿಡಿ ತಡವಾಗಿ ಹಾರುತ್ತದೆ. ತಡವಾದ ಕಿಡಿಯಿಂದ ಬಲ ಕುಂದುತ್ತದೆ. ಬಲ ಕುಂದಿತೆಂದು ಚಾಲಕನ ಕಾಲು, ಅವನಿಗೇ ಅರಿವಿಲ್ಲದಂತೆ, ಇನ್ನಷ್ಟು ಒತ್ತುತ್ತದೆ. ಅದೇ ಡಿಸ್ಟ್ರಿಬ್ಯೂಟರಿನ ಮಗ್ಗುಲಲ್ಲಿ, ನಿರ್ವಾತದ ಸೆಳೆತದಿಂದ ಕಿಡಿಯನ್ನು ಮುಂಚಿತಗೊಳಿಸುವ ಪುಟ್ಟ ಡಬ್ಬಿಯುಂಟು. ಅದರೊಳಗಿನ ಪೊರೆ ಹರಿದರೆ ಸಮವೇಗದ ಪ್ರಯಾಣದಲ್ಲಿ ಇಂಧನವು ವೃಥಾ ವ್ಯಯವಾಗುತ್ತದೆಯಾದ್ದರಿಂದ, ಮೆಕ್ಯಾನಿಕನು ಅದರ ಕೊಳವೆಯನ್ನು ಬಾಯಿಗಿಟ್ಟು ಹೀರಿ, ಒಳಗಿನ ತಟ್ಟೆ ಕದಲುವುದೋ ಇಲ್ಲವೋ ಎಂದು ನೋಡುತ್ತಿದ್ದನು.

ಇವೆಲ್ಲವೂ ಶುದ್ಧವೆಂದು ಖಚಿತವಾದ ಮೇಲೆಯೇ ಕಾರ್ಬುರೇಟರಿನ ಸರದಿ. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೂ ಹಿಡಿದು, ಎರಡೂ ಸಮನಾಗಿ ಉಸಿರೆಳೆಯುತ್ತಿವೆಯೇ ಎಂದು ಆಲಿಸುವನು. ಬಳಿಕ ಪಿಸ್ಟನ್ನನ್ನು ಅದರ ಕಡ್ಡಿಯಿಂದ ಒಂದು ಮಿಲಿಮೀಟರಿನಷ್ಟೂ ಅಲ್ಲದಷ್ಟು ಎತ್ತುವನು: ಇಂಜಿನಿನ ವೇಗವು ಏರಿ ಏರಿದಲ್ಲೇ ನಿಂತರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚು, ಕುಸಿದರೆ ಕಡಿಮೆ, ತುಸು ಏರಿ ಮತ್ತೆ ಮೊದಲಿನಂತಾದರೆ ಹದ ಸರಿಯಾಗಿದೆ. ತಿದ್ದುವುದಾದರೆ ಜೆಟ್ಟಿನ ಕೆಳಗಣ ಆರು ಮುಖದ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸುವನು. ಕೊನೆಗೆ ಪ್ಲಗ್ಗುಗಳೇ ಸಾಕ್ಷಿ: ಮಸಿ ಹಿಡಿದಿದ್ದರೆ ಪೆಟ್ರೋಲಿನ ಅತಿಶಯ, ಬೆಳ್ಳಗೆ ಸುಟ್ಟಿದ್ದರೆ ಅದರ ಕೊರತೆ, ನಸುಗಂದಾಗಿದ್ದರೆ ಆರೋಗ್ಯ.

ಈ ಇಂಜಿನಿನ ವಂಶ ನಮಗೆ ಪರಕೀಯವಲ್ಲ. ಎಂ.ಜಿ.ಬಿ.ಗೆ ಮುಂಚಿನ ಎಂ.ಜಿ.ಎ. ಕಾರಿನಲ್ಲಿ ಮೊದಲಿಗಿದ್ದ 1489 ಸಿ.ಸಿ. ಇಂಜಿನಿನ ಕುಲದ್ದೇ ನಮ್ಮ ಅಂಬಾಸಡರಿನದೂ. ಬಾನೆಟ್ಟು ತೆರೆದು ಪಾಯಿಂಟಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯುತ್ತಿದ್ದ ನಮ್ಮೂರುಗಳ ಗ್ಯಾರೇಜು ಮೇಸ್ತ್ರಿಗಳು ಈ ವಿದ್ಯೆಗೆ ದಾಯಾದಿಗಳೇ ಆಗಿದ್ದರು.

ಇಂದಿನ ಕಾರುಗಳಲ್ಲಿ ಮಿಶ್ರಣವನ್ನು ಯಂತ್ರವೇ ಅಳೆದು ತಾನೇ ತಿದ್ದಿಕೊಳ್ಳುತ್ತದೆ. ಹಳೆಯ ಕಾರುಗಳಿಗೋ, ಹೊಸ ಸೂಜಿಯೂ ಹೊಸ ಜೆಟ್ಟೂ ಈಗಲೂ ಸಿಗುತ್ತವೆ. ಸಿಗದಿರುವುದು, ಒಂದು ದೋಷವನ್ನು ಸರಿಪಡಿಸಿ ಅದರ ಫಲವನ್ನು ಕಂಡ ಹೊರತು ಎರಡನೆಯದಕ್ಕೆ ಕೈಯಿಡಬಾರದೆಂಬ ತಾಳ್ಮೆ. ಒಂದೇ ದಿನ ಹತ್ತು ಕಡೆ ತಿರುಪಿದವನ ಕಾರು ಸರಿಯಾದರೂ, ಅದು ಯಾವುದರಿಂದ ಸರಿಯಾಯಿತೆಂಬುದು ಅವನಿಗೆ ತಿಳಿಯದು. ತಿಳಿಯದ್ದನ್ನು ಅವನು ಮತ್ತೊಬ್ಬನಿಗೆ ಕಲಿಸಲಾರನು. ಹಳೆಯ ಮೇಸ್ತ್ರಿಗಳು ಪರೀಕ್ಷೆಯ ಕ್ರಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದುದರಿಂದಲೇ ಅವರ ಅನುಭವವು ಶಿಷ್ಯರಿಗೆ ದಾಟಿಸಬಲ್ಲ ವಿದ್ಯೆಯಾಯಿತು.