ಒಂದೇ ಔಷಧಿ, ಬೇರೆ ಬೇರೆ ಫಲ

ಜಠರದ ಕ್ಯಾನ್ಸರ್ ಸದ್ದಿಲ್ಲದೆ ಬೆಳೆಯುವ ರೋಗ. ಅಜೀರ್ಣ, ಹೊಟ್ಟೆಯುಬ್ಬರ ಎಂದು ಕಡೆಗಣಿಸುತ್ತಿರುವಾಗಲೇ ಅದು ಬೇರೆ ಅಂಗಗಳಿಗೆ ಹರಡಿಬಿಟ್ಟಿರಬಹುದು. ಆ ಹಂತದಲ್ಲಿ ಕೇವಲ ಕಿಮೋಥೆರಪಿ ಪಡೆದವರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷದ ಆಸುಪಾಸಿನಲ್ಲೇ ತೀರಿಕೊಳ್ಳುತ್ತಿದ್ದರು. ದೇಹದ ಸ್ವಂತ ರಕ್ಷಣಾಪಡೆಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೋಥೆರಪಿ ಇಂಥವರಿಗೆ ಆಸರೆಯಾದೀತೇ? ಆಗುವುದಾದರೆ ಯಾರಿಗೆ?

ಈ ಕಥೆ ಜಪಾನಿನಲ್ಲಿ ಆರಂಭವಾಗುತ್ತದೆ. 1992ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ತಸುಕು ಹೊಂಜೊ ಅವರ ತಂಡ ಪಿ.ಡಿ.-1 ಎಂಬ ಪ್ರೋಟೀನನ್ನು ಗುರುತಿಸಿತು. ರಕ್ಷಣಾಪಡೆಯ ಟಿ-ಜೀವಕೋಶಗಳಿಗೆ ಇದು ಕಡಿವಾಣವಿದ್ದಂತೆ ಎಂಬುದು ಮುಂದೆ ತಿಳಿದುಬಂತು. ಹಲವು ಕ್ಯಾನ್ಸರ್ ಕೋಶಗಳು ಪಿ.ಡಿ.-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ, ಆ ಕಡಿವಾಣವನ್ನೇ ಜಗ್ಗಿ ಪಾರಾಗುತ್ತವೆ. ಈ ಹಿಡಿತವನ್ನು ಬಿಡಿಸುವ ಔಷಧಿಗಳಲ್ಲಿ ನಿವೊಲುಮ್ಯಾಬ್ ಒಂದು. ಇಂಥ ಚಿಕಿತ್ಸೆಗೆ ದಾರಿ ತೆರೆದುದಕ್ಕಾಗಿ ಹೊಂಜೊ ಮತ್ತು ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಸಂದಿತು.

ಜಠರದ ಕ್ಯಾನ್ಸರಿನಲ್ಲಿ ಇದರ ದೊಡ್ಡ ಪರೀಕ್ಷೆಯೊಂದು ಜಪಾನ್, ದಕ್ಷಿಣ ಕೊರಿಯಾ ಮತ್ತು ತೈವಾನ್‌ಗಳಲ್ಲಿ ನಡೆಯಿತು. ಬೇರೆ ಚಿಕಿತ್ಸೆಗಳು ಮುಗಿದಿದ್ದ 493 ರೋಗಿಗಳು ಅದರಲ್ಲಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಜೀವಿತಾವಧಿಯ ಮಧ್ಯಾಂಕ ಔಷಧಿ ಪಡೆದವರಲ್ಲಿ 5.26 ತಿಂಗಳು, ಪಡೆಯದವರಲ್ಲಿ 4.14 ತಿಂಗಳು. ಲಾಭ ಒಂದೇ ತಿಂಗಳೇ ಎನ್ನಿಸುತ್ತದೆ. ಆದರೆ ಒಂದು ವರ್ಷದ ನಂತರವೂ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇಕಡಾ 26, ಎರಡನೆಯದರಲ್ಲಿ ಶೇಕಡಾ 11. ಹಲವರಿಗೆ ಏನೂ ಆಗದಿದ್ದರೂ ಕೆಲವರಿಗೆ ಬಹಳ ಒಳಿತಾಗಿತ್ತು. ಮಧ್ಯಾಂಕ ಅದನ್ನು ಮರೆಮಾಡಿತ್ತು.

ಆ ಕೆಲವರು ಯಾರು? ಇದಕ್ಕೆ ಸುಳಿವು ಅದಾಗಲೇ ದೊರೆತಿತ್ತು. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯು ಜಠರದ 295 ಗಡ್ಡೆಗಳನ್ನು ಪರಿಶೀಲಿಸಿ, ಈ ರೋಗದಲ್ಲಿ ನಾಲ್ಕು ಬಗೆಗಳಿವೆ ಎಂದು ತೋರಿಸಿತು. ಅವುಗಳಲ್ಲಿ ಒಂದು ಬಗೆಯಲ್ಲಿ ಡಿ.ಎನ್.ಎ. ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ವೈದ್ಯರು ಇದನ್ನು ಎಂ.ಎಸ್.ಐ.-ಹೈ ಎನ್ನುತ್ತಾರೆ. ತಪ್ಪುಗಳು ಹೆಚ್ಚಿದಷ್ಟೂ ವಿಚಿತ್ರ ಪ್ರೋಟೀನುಗಳು ಹುಟ್ಟುತ್ತವೆ. ರಕ್ಷಣಾಪಡೆಗೆ ಶತ್ರುವಿನ ಗುರುತು ಸುಲಭವಾಗಿ ಸಿಗುತ್ತದೆ.

ಈ ತರ್ಕ ಮುಂದೆ ನಿಜವಾಯಿತು. ಕಿಮೋಥೆರಪಿಯ ಜೊತೆಗೆ ನಿವೊಲುಮ್ಯಾಬ್ ಕೊಡುವುದನ್ನು ಕೇವಲ ಕಿಮೋಥೆರಪಿಯೊಂದಿಗೆ ಹೋಲಿಸಿದ, 1,581 ರೋಗಿಗಳ ಪರೀಕ್ಷೆಯೊಂದರ ಫಲಿತಾಂಶ 2021ರಲ್ಲಿ ಹೊರಬಂತು. ಪಿ.ಡಿ.-ಎಲ್1 ಅಂಕ 5 ಅಥವಾ ಹೆಚ್ಚಿದ್ದವರಲ್ಲಿ ಮಧ್ಯಾಂಕ 11.1ರಿಂದ 14.4 ತಿಂಗಳಿಗೆ ಏರಿತು. ಎಂ.ಎಸ್.ಐ.-ಹೈ ಇದ್ದ ಚಿಕ್ಕ ಗುಂಪಿನಲ್ಲಂತೂ 12.3 ತಿಂಗಳಿದ್ದುದು 38.7 ಆಯಿತು. ರೋಗ ಹರಡಿದವರಲ್ಲಿ ಇಂಥವರು 100ಕ್ಕೆ ಕೆಲವೇ ಮಂದಿ. ಅಂಕ 1ಕ್ಕಿಂತ ಕಡಿಮೆ ಇದ್ದವರಿಗೆ ಲಾಭ ಅತ್ಯಲ್ಪ. ಅಂಥವರಲ್ಲಿ ಈ ಔಷಧಿಗಳ ಅಪಾಯವನ್ನು ಮೀರಿಸುವ ಪ್ರಯೋಜನ ಕಾಣುವುದಿಲ್ಲ ಎಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಬಹುಮತದಿಂದ ಅಭಿಪ್ರಾಯಪಟ್ಟಿತು.

ಕಡಿವಾಣ ಕಳಚಿದ ರಕ್ಷಣಾಪಡೆ ಕೆಲವೊಮ್ಮೆ ಥೈರಾಯ್ಡ್, ಕರುಳು, ಶ್ವಾಸಕೋಶಗಳ ಮೇಲೂ ಎರಗುತ್ತದೆ. ಔಷಧಿಯ ಬೆಲೆಯೋ ಬಹಳ ದುಬಾರಿ. ಫಲವಿಲ್ಲದ ಚಿಕಿತ್ಸೆಗೆ ಹೊಲ ಮನೆ ಮಾರಿದ ಕುಟುಂಬಕ್ಕೆ ಹಣವೂ ಉಳಿಯದು, ಕಾಲವೂ ಉಳಿಯದು. ಆದ್ದರಿಂದಲೇ ಗಡ್ಡೆಯಿಂದ ತೆಗೆದ ಚೂರಿನ ಪರೀಕ್ಷೆಗೆ ಔಷಧಿಯಷ್ಟೇ ಮಹತ್ವವಿದೆ. ವಿದ್ಯಾರ್ಥಿ ಮಿತ್ರರೇ, 'ಈ ಔಷಧಿ ಒಳ್ಳೆಯದೇ?' ಎಂದು ಕೇಳುತ್ತಿದ್ದ ವೈದ್ಯವಿಜ್ಞಾನ 'ಯಾರಿಗೆ ಒಳ್ಳೆಯದು?' ಎಂದು ಕೇಳಲು ಕಲಿತದ್ದೇ ಈ ಇತಿಹಾಸದ ಸಾರ.