ಎಲ್‌ಡಿಎಲ್ ರಿಸೆಪ್ಟರ್: ಕೆಟ್ಟ ಕೊಲೆಸ್ಟ್ರಾಲ್ ಹಿಡಿಯುವ ಲಿವರ್ ಕೋಶದ ಪ್ರೋಟೀನ್ ಹೇಗಿದೆ?

ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಕಣಗಳನ್ನು ಹೊರತೆಗೆಯುವ ಮುಖ್ಯ ಅಂಗ ಯಕೃತ್ತು ಅಥವಾ ಲಿವರ್. ಅದರ ಕೋಶಗಳ ಮೇಲ್ಮೈಯಲ್ಲಿರುವ ಎಲ್‌ಡಿಎಲ್ ರಿಸೆಪ್ಟರ್ ಎಂಬ ಪ್ರೋಟೀನ್ ಈ ಕೆಲಸ ಮಾಡುತ್ತದೆ. ಇದನ್ನು ಪತ್ತೆಹಚ್ಚಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು.

ರಚನೆ ಹೇಗಿದೆ?

839 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ ಐದು ಭಾಗಗಳಿವೆ. ಕೋಶದ ಹೊರಗೆ ಚಾಚಿರುವ ತುದಿಯಲ್ಲಿ ಒಂದೇ ಮಾದರಿಯ 7 ತುಣುಕುಗಳಿದ್ದು, ಎಲ್‌ಡಿಎಲ್ ಕಣ ಅಂಟಿಕೊಳ್ಳುವುದು ಇಲ್ಲೇ. ಕೋಶದೊಳಗಿನ ಆಮ್ಲೀಯ ಚೀಲ ತಲುಪಿದಾಗ ಕಣವನ್ನು ಬಿಡಿಸಲು ಎರಡನೇ ಭಾಗ ನೆರವಾಗುತ್ತದೆ. ಮೂರನೆಯದಕ್ಕೆ ಸಕ್ಕರೆ ಅಣುಗಳು ಅಂಟಿಕೊಂಡಿರುತ್ತವೆ. ನಾಲ್ಕನೆಯದು ಕೋಶಪೊರೆಯಲ್ಲಿ ನಾಟಿಕೊಂಡಿರುತ್ತದೆ. ಕೊನೆಯದು ಕೋಶದ ಒಳಗಿರುವ 50 ಅಮೈನೋ ಆಮ್ಲಗಳ ಬಾಲ. ರಿಸೆಪ್ಟರನ್ನು ಒಳಗೆಳೆದುಕೊಳ್ಳಲು ಇದು ಬೇಕೇ ಬೇಕು. ಕಣವನ್ನು ಒಳಗೆ ಬಿಟ್ಟ ರಿಸೆಪ್ಟರ್ ಮತ್ತೆ ಮೇಲ್ಮೈಗೆ ಮರಳುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ ಸಾಕು.

ದೋಷವಿದ್ದರೆ ಏನಾಗುತ್ತದೆ?

ಇದರ ಜೀನ್ 19ನೇ ಕ್ರೋಮೋಸೋಮ್‌ನಲ್ಲಿದೆ. ತಂದೆ ಅಥವಾ ತಾಯಿಯಿಂದ ದೋಷಯುಕ್ತ ಜೀನ್ ಬಂದರೆ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುತ್ತದೆ. ಇಬ್ಬರಿಂದಲೂ ಬಂದರೆ ಬಾಲ್ಯದಲ್ಲೇ ಹೃದಯಾಘಾತವಾಗಬಹುದು. ಹೀಗಾಗಿ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಮಕ್ಕಳ ಕೊಲೆಸ್ಟ್ರಾಲ್ ಪರೀಕ್ಷೆ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಔಷಧ ಹೇಗೆ ಕೆಲಸ ಮಾಡುತ್ತದೆ?

ಸ್ಟ್ಯಾಟಿನ್ ಮಾತ್ರೆ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆ ತುಂಬಿಕೊಳ್ಳಲು ಕೋಶಗಳು ಹೆಚ್ಚು ರಿಸೆಪ್ಟರ್ ತಯಾರಿಸಿ, ರಕ್ತದಿಂದ ಹೆಚ್ಚು ಎಲ್‌ಡಿಎಲ್ ಸೆಳೆದುಕೊಳ್ಳುತ್ತವೆ. ಪಿಸಿಎಸ್‌ಕೆ9 ಎಂಬ ಇನ್ನೊಂದು ಪ್ರೋಟೀನ್ ರಿಸೆಪ್ಟರ್‌ನ ಎರಡನೇ ಭಾಗಕ್ಕೆ ಅಂಟಿಕೊಂಡು ಅದು ನಾಶವಾಗುವಂತೆ ಮಾಡುತ್ತದೆ. ಇದನ್ನು ತಡೆಯುವ ಇಂಜೆಕ್ಷನ್‌ಗಳೂ ಈಗ ಬಳಕೆಯಲ್ಲಿವೆ.